ಸೊಪ್ಪಿನ ಕೊಟ್ಟಿಗೆಗೆ ಸಿಮೆಂಟು ನೆಲ ಹಾಕಿಸಬಹುದೇ?

ತೋಟದಂಚು, ಶಿರಸಿ ತಾಲೂಕು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿರಸಿ–ಕುಮಟಾ ರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗಿದೆ. ಒಂದೂಕಾಲು ಎಕರೆ ಅಡಿಕೆ ತೋಟ, ಅದಕ್ಕೆ ಸೇರಿದ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು), ಮನೆಯ ಎಡಬದಿಗೆ ಅಜ್ಜ ಕಟ್ಟಿಸಿದ ಕೊಟ್ಟಿಗೆ. ಒಂದು ಕಾಲಕ್ಕೆ ಹದಿನೆಂಟು ದನ ಕಟ್ಟುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಮಲೆನಾಡು ಗಿಡ್ಡ ಆಕಳು ಮತ್ತು ಒಂದು ಕರು ಇವೆ. ನೆಲ ಮಣ್ಣಿನದು. ಮಳೆಗಾಲದಲ್ಲಿ ಹಸಿಸೊಪ್ಪು, ಬೇಸಿಗೆಯಲ್ಲಿ ದರಕು, ಅಂದರೆ ಕಾಡಿನಲ್ಲಿ ಉದುರಿದ ಒಣ ಎಲೆ, ಹಾಸಿ, ದನಗಳು ತುಳಿದು ಸಗಣಿ, ಗಂಜಲದಲ್ಲಿ ನೆನೆದದ್ದನ್ನು ಎಳೆದು ಗೊಬ್ಬರಗುಂಡಿಗೆ ಹಾಕುವ ಪದ್ಧತಿಯೇ ಇಂದಿಗೂ ನಡೆದುಬಂದಿದೆ.

ಈ ಪದ್ಧತಿಯನ್ನು ಇನ್ನು ಎಷ್ಟು ದಿನ ನಡೆಸಬಲ್ಲೆವು ಎಂಬುದೇ ನನ್ನ ಚಿಂತೆ. ಮರ ಹತ್ತಿ ಸೊಪ್ಪು ಕೊಯ್ಯುವ ಆಳುಗಳು ಅಡಿಕೆಯ ಕೊನೆಕೊಯ್ಲಿಗೇ ಸಾಲುತ್ತಿಲ್ಲ. ಕಳೆದ ಆಷಾಢದಲ್ಲಿ ಒಂದೇ ಸಮನೆ ಮಳೆ ಹಿಡಿದು ನಾಲ್ಕು ದಿನ ಸೊಪ್ಪು ಬರಲಿಲ್ಲ. ಅಷ್ಟರಲ್ಲಿ ನೆಲ ಕಲಸಿದ ಕೆಸರಾಗಿ, ಒಂದು ಆಕಳಿನ ಹಿಂಗಾಲಿನ ಗೊರಸಿನ ಸಂದು ಕೊಳೆತು ಹುಳ ಬಿತ್ತು. ಅದಕ್ಕೆ ಔಷಧ ಹಚ್ಚಲು ಹೋದ ನಮ್ಮ ಆಯಿ, ಅವರಿಗೆ 68 ವರ್ಷ, ಅದೇ ಕೆಸರಿನಲ್ಲಿ ಜಾರಿ ಮಣಿಕಟ್ಟಿನ ಮೂಳೆ ಬಿರುಕು ಬಿಡಿಸಿಕೊಂಡರು. ಬೆಂಗಳೂರಿನಲ್ಲಿರುವ ತಮ್ಮ, ಪೂರ್ತಿ ಸಿಮೆಂಟು ಹಾಕಿಸು, ಇಲ್ಲವಾದರೆ ದನ ಕೊಟ್ಟುಬಿಡು ಎನ್ನುತ್ತಾನೆ. ಆಯಿ ಮಾತ್ರ ಕೈಗೆ ಪಟ್ಟಿ ಕಟ್ಟಿಕೊಂಡು ಕುಳಿತಲ್ಲಿಂದಲೇ, "ಸಿಮೆಂಟ್ ಹಾಕಿದ್ರೆ ತೋಟಕ್ಕೆ ಎಂತ ಹಾಕ್ತೆ?" ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಸೊಪ್ಪಿನ ಕೊಟ್ಟಿಗೆಯನ್ನು ಸಿಮೆಂಟಿಗೆ ಬದಲಿಸಿದವರು ಯಾರಾದರೂ ಇದ್ದರೆ ನಿಮ್ಮ ಅನುಭವ ತಿಳಿಸಬೇಕಾಗಿ ವಿನಂತಿ. ನಾಲ್ಕು ಗಿಡ್ಡಗಳ ಸಗಣಿಯಲ್ಲಿ ಗೋಬರ್ ಗ್ಯಾಸ್ ನಡೆಯುತ್ತದೆಯೇ ಎಂಬುದನ್ನೂ, ಮಂಗಗಳು ಒಡೆದು ಹಾಕಿರುವ ಹಂಚಿನ ಬದಲು ತಗಡಿನ ಶೀಟು ಹಾಕಿಸುವುದು ಸರಿಯೇ ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ.

ಕಲ್ಲುಕಣಿ, ಯಲ್ಲಾಪುರ ತಾಲೂಕು:

ನಾನು ಆರು ವರ್ಷದ ಹಿಂದೆ ಹಾಕಿಸಿದೆ, ಮತ್ತು ಮೊದಲ ಸಲ ಹಾಕಿಸಿದ್ದು ಸಂಪೂರ್ಣ ತಪ್ಪಾಯಿತು. ಮೇಸ್ತ್ರಿ ಒಳ್ಳೆಯ ಕೆಲಸಗಾರ. ಆದರೆ ಅವನಿಗೆ ಗೊತ್ತಿದ್ದದ್ದು ಮನೆಯ ನೆಲ. ಜಗಲಿಯಂತೆ ನುಣ್ಣಗೆ ಉಜ್ಜಿಕೊಟ್ಟ, ನಾವೂ ನೋಡಿ ಹಿಗ್ಗಿದೆವು. ತಿಂಗಳು ತುಂಬುವುದರೊಳಗೆ, ಕರು ಹಾಕಲು ಹದಿನೈದು ದಿನವಿದ್ದ ಆಕಳು ಏಳುವಾಗ ಹಿಂಗಾಲು ಎರಡೂ ಎರಡು ಕಡೆಗೆ ಜಾರಿ ಕಪ್ಪೆಯಂತೆ ಕುಸಿದು ಕುಳಿತಿತು. ಹೊಟ್ಟೆಯ ಅಡಿಗೆ ಗೋಣಿಚೀಲ ಹಾಯಿಸಿ ದಿನಕ್ಕೆ ಮೂರು ಸಲ ನಾಲ್ಕು ಜನ ಎತ್ತಿ ನಿಲ್ಲಿಸಿ, ಐದನೆಯ ದಿನ ತಾನಾಗಿ ಎದ್ದಿತು. ಕರುವೂ ಉಳಿಯಿತು. ಆದರೆ ಆ ಆಕಳು ಮುಂದೆ ಗಬ್ಬ ನಿಲ್ಲಲಿಲ್ಲ. ಮರುವರ್ಷ ಆ ನೆಲವನ್ನು ಒಡೆಸಿ ಮತ್ತೆ ಹಾಕಿಸಿದೆ. ಎರಡನೆಯ ಸಲ ಮಾಡಿದ್ದನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಮೇಸ್ತ್ರಿಗೆ ನೀವೇ ಎದುರು ನಿಂತು ಹೇಳದಿದ್ದರೆ ಅವನು ನುಣ್ಣಗೆ ಮಾಡಿಯೇ ಮಾಡುತ್ತಾನೆ.

ಹಳೆಯ ನೆಲದ ಗೊಬ್ಬರ ಕುಡಿದ ಮಣ್ಣನ್ನು ಒಂದು ಅಡಿಯಷ್ಟು ತೆಗೆದು ತೋಟಕ್ಕೆ ಹಾಕಿದೆವು. ಅದರಷ್ಟು ಒಳ್ಳೆಯ ಮಣ್ಣು ದುಡ್ಡು ಕೊಟ್ಟರೂ ಸಿಗದು, ದಯವಿಟ್ಟು ಅದನ್ನು ರಸ್ತೆಗೆ ಹಾಕಬೇಡಿ. ಮಣ್ಣು ತೆಗೆದ ಜಾಗದಲ್ಲಿ ದಪ್ಪ ಕಲ್ಲು ಜೋಡಿಸಿ ಸೋಲಿಂಗ್ ಮಾಡಿ, ಧುಮ್ಮಸ್ಸು ಹಾಕಿ, ನಾಲ್ಕು ಅಂಗುಲ ಕಾಂಕ್ರೀಟು ಹಾಕಿಸಿದೆ. ಇಳಿಜಾರು ನಲವತ್ತಕ್ಕೆ ಒಂದು, ಅಂದರೆ ಗಿಡ್ಡ ನಿಲ್ಲುವ ಐದು ಅಡಿ ಉದ್ದಕ್ಕೆ ಗೋದಲಿಯಿಂದ ಕಾಲುವೆಯ ಕಡೆಗೆ ಒಂದೂವರೆ ಅಂಗುಲ. ಇದಕ್ಕಿಂತ ಹೆಚ್ಚು ಕೊಟ್ಟರೆ ಗಬ್ಬದ ಆಕಳಿನ ಭಾರವೆಲ್ಲ ಹಿಂದಕ್ಕೆ ಬೀಳುತ್ತದೆ, ಕಡಿಮೆ ಕೊಟ್ಟರೆ ಗಂಜಲ ಅಲ್ಲಲ್ಲೇ ನಿಲ್ಲುತ್ತದೆ. ಕಾಂಕ್ರೀಟು ಇನ್ನೂ ಹಸಿಯಿರುವಾಗಲೇ ಅಡಿಕೆ ಮರ ಸೀಳಿದ ದಬ್ಬೆಯ ತೆಳು ಪಟ್ಟಿಗಳನ್ನು ಅಂಗೈಯಗಲ ಬಿಟ್ಟು ಅಡ್ಡಕ್ಕೂ ಉದ್ದಕ್ಕೂ ಒತ್ತಿ, ಗಟ್ಟಿಯಾಗತೊಡಗಿದಾಗ ಎಬ್ಬಿಸಿ ತೆಗೆದೆವು. ಅರ್ಧ ಅಂಗುಲ ಆಳದ ಆ ಗೀರುಗಳಲ್ಲಿ ಗೊರಸು ಕಚ್ಚಿಕೊಳ್ಳುತ್ತದೆ. ಗೀರಿನ ಅಂಚು ಹರಿತವಾಗಿದ್ದರೆ ಮೊಣಕಾಲು ತರಚುವುದರಿಂದ ಒಂದು ಇಟ್ಟಿಗೆಯಿಂದ ಉಜ್ಜಿಸಿದೆ. ಎರಡು ವಾರ ನೆಲದ ಮೇಲೆ ನೀರು ಕಟ್ಟಿ ನಿಲ್ಲಿಸಿ ಹದ ಬರುವ ತನಕ ದನಗಳನ್ನು ಅಂಗಳದ ಚಪ್ಪರದಲ್ಲಿ ಕಟ್ಟಿದ್ದೆವು. ಇದನ್ನೆಲ್ಲ ಮಾಡಲು ಅಡಿಕೆ ಸುಗ್ಗಿ ಮುಗಿದ ಮೇಲೆ, ಹೋಳಿ ಹುಣ್ಣಿಮೆಯ ಆಚೀಚೆ ಅನುಕೂಲ.

ರಬ್ಬರ್ ಮ್ಯಾಟು ಹಾಕಿದರೆ ಗೀರು ಬೇಡವೆಂದು ಕೆಲವರು ಹೇಳುತ್ತಾರೆ. ನನ್ನ ಅನುಭವದಲ್ಲಿ ಮ್ಯಾಟಿನ ಅಡಿಯಲ್ಲಿ ಗಂಜಲ ಸೇರಿ ವಾರಕ್ಕೊಮ್ಮೆ ಎತ್ತಿ ತೊಳೆಯಲೇಬೇಕು. ಒಂದು ಮ್ಯಾಟನ್ನು ಎತ್ತುವುದು ನಿಮ್ಮ ತಾಯಿಯ ವಯಸ್ಸಿನವರ ಕೆಲಸವಲ್ಲ.

ಹಂಡೆನೀರು, ಸಿದ್ದಾಪುರ ತಾಲೂಕು:

ಮೇಲಿನ ಸಹೋದರರು ನೆಲದ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ನಿಮ್ಮ ಆಯಿ ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನನಗೆ ತೋರುವಂತೆ ಸಗಣಿ ಮತ್ತು ಗಂಜಲ ಎಲ್ಲಿಗೆ ಹೋಗಬೇಕೆಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ನೆಲದ ಮಾತಿಗೆ ಬರಬೇಕು. ನಮ್ಮ ಜಿಲ್ಲೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟ ಬಿಟ್ಟುಕೊಟ್ಟದ್ದು ದನ ಸಾಕಲಿ ಎಂದಲ್ಲ, ತೋಟಕ್ಕೆ ಗೊಬ್ಬರವಾಗಲಿ ಎಂದು. ಬೆಟ್ಟದ ಸೊಪ್ಪು ತೋಟಕ್ಕೆ ಹೋಗುವ ದಾರಿಯಲ್ಲಿ ಕೊಟ್ಟಿಗೆ ಒಂದು ನಿಲ್ದಾಣ, ಹಾಲು ನಡುವೆ ಸಿಕ್ಕಿದ ಲಾಭ. ದನದ ದೇಹದಿಂದ ಹೊರಬರುವ ಸಾರಜನಕದ ಸುಮಾರು ಅರ್ಧ ಭಾಗ, ಪೊಟ್ಯಾಷಿಯಂನ ಬಹುಪಾಲು ಗಂಜಲದಲ್ಲೇ ಇರುತ್ತದೆ. ಸೊಪ್ಪಿನ ಹಾಸು ಅದನ್ನು ಹೀರಿ ಹಿಡಿದುಕೊಳ್ಳುತ್ತಿತ್ತು. ಸಿಮೆಂಟು ಹಾಕಿ, ಬಕೆಟ್ಟುಗಟ್ಟಲೆ ನೀರು ಹೊಡೆದು ಚರಂಡಿಗೆ ಬಿಟ್ಟ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರ ಕೊಟ್ಟಿಗೆ ಸ್ವಚ್ಛವಾಗಿದೆ, ತೋಟಕ್ಕೆ ಮಾತ್ರ ಪ್ರತಿ ವರ್ಷ ಗೊಬ್ಬರದ ಚೀಲ ಹೊರುತ್ತಾರೆ.

ನಮ್ಮ ಮನೆಯಲ್ಲಿ ಕಾಲುವೆಯ ತುದಿಗೆ ಒಂದು ತೊಟ್ಟಿ ಕಟ್ಟಿಸಿ, ಅಲ್ಲಿಂದ ಎರಡೂವರೆ ಅಂಗುಲದ ಪೈಪನ್ನು ತೋಟಕ್ಕೆ ಇಳಿಸಿದ್ದೇವೆ. ಘಟ್ಟದ ಮೇಲಿನ ಹೆಚ್ಚಿನ ಮನೆಗಳು ಎತ್ತರದಲ್ಲಿ, ತೋಟ ಕಣಿವೆಯಲ್ಲಿ ಇರುವುದರಿಂದ ಪಂಪಿನ ಅಗತ್ಯವಿಲ್ಲ. ಗಂಜಲಕ್ಕೆ ನೀರು ಸೇರಿಸಿ ತೆಳುವಾಗಿಸಿಯೇ ಬಿಡಬೇಕು, ಮತ್ತು ಸರದಿಯಂತೆ ಪೈಪಿನ ಬಾಯಿ ಬದಲಿಸುತ್ತಿರಬೇಕು. ನಾವು ಆಲಸ್ಯದಿಂದ ಎರಡು ತಿಂಗಳು ಒಂದೇ ಕಡೆ ಬಿಟ್ಟಾಗ ಅಲ್ಲಿದ್ದ ಬಾಳೆಯ ಹಿಂಡೇ ಸುಟ್ಟುಹೋಯಿತು.

ಗೋಬರ್ ಗ್ಯಾಸಿನ ಲೆಕ್ಕ ಹೀಗಿದೆ. ಒಂದು ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 25 ಕಿಲೋ ಹಸಿ ಸಗಣಿ, ಅಷ್ಟೇ ನೀರು ಬೇಕು. ಅದರಿಂದ ಒಂದು ಒಲೆ ಹೆಚ್ಚುಕಡಿಮೆ ಎರಡು ತಾಸು ಉರಿಯುತ್ತದೆ. ನಮ್ಮ ಗಿಡ್ಡಗಳು ಹಗಲೆಲ್ಲ ಬೆಟ್ಟ, ಬ್ಯಾಣ (ಹುಲ್ಲುಗಾವಲು) ಸುತ್ತಿ ಬರುತ್ತವೆ. ರಾತ್ರಿ ಕೊಟ್ಟಿಗೆಯಲ್ಲಿ ಹಾಕುವ ಸಗಣಿಯನ್ನು ಒಂದು ವಾರ ತೂಗಿ ನೋಡಿದಾಗ ಒಂದಕ್ಕೆ ನಾಲ್ಕರಿಂದ ಐದು ಕಿಲೋ ಬಂತು. ಆ ಪ್ರಕಾರ ನಿಮ್ಮ ನಾಲ್ಕರಿಂದ ಇಪ್ಪತ್ತು ಕಿಲೋ ದಾಟುವುದು ಕಷ್ಟ. ಆದ್ದರಿಂದ ಚಿಕ್ಕ ಘಟಕ ಸಾಕು, ಅದೂ ಸಂಜೆಯ ಅಡುಗೆಗೆ ಮತ್ತು ಚಹಾಕ್ಕೆ. ಪೂರ್ತಿ ಸಿಲಿಂಡರು ಬಿಡಿಸುವ ಆಸೆ ಇಟ್ಟುಕೊಳ್ಳಬೇಡಿ. ಹೊರಬರುವ ಬಗ್ಗಡವನ್ನು ಹಾಗೆಯೇ ತೋಟಕ್ಕೆ ಹಾಯಿಸಬಹುದು, ಅಥವಾ ಗುಂಡಿಯಲ್ಲಿ ಅಡಿಕೆಯ ಒಣ ಹಾಳೆ, ಸೋಗೆ, ದರಕಿನ ಮೇಲೆ ಸುರಿದರೆ ಒಳ್ಳೆಯ ಗೊಬ್ಬರವಾಗುತ್ತದೆ. ಅಂದರೆ ಸೊಪ್ಪಿನ ಕೆಲಸವನ್ನು ಕೊಟ್ಟಿಗೆಯಿಂದ ಗುಂಡಿಗೆ ಸಾಗಿಸಿದಂತೆ. ದಿನವೂ ಸೊಪ್ಪು ಬೇಕೆಂಬ ಒತ್ತಡ ತಪ್ಪುತ್ತದೆ, ಆಳು ಸಿಕ್ಕಿದಾಗ ತಂದು ಒಟ್ಟಿದರೆ ಆಯಿತು.

ದರಕಿನ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳದೆ ಇರಲಾರೆ. ನಮ್ಮ ನೆರೆಯ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಕಂಡ ಮಂಗನ ಕಾಯಿಲೆ ಈಚಿನ ವರ್ಷಗಳಲ್ಲಿ ಸಿದ್ದಾಪುರದಲ್ಲಿ ಜೀವಗಳನ್ನೇ ತೆಗೆದಿದೆ. ಅದನ್ನು ಹರಡುವ ಮರಿ ಉಣುಗು (ಉಣ್ಣೆ) ಎಳ್ಳಿನ ಕಾಳಿಗಿಂತ ಚಿಕ್ಕದು, ಮತ್ತು ಅದರ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ನಾವು ದರಕು ಗುಡಿಸುವ ಕಾಲವೇ. ದನಕ್ಕೆ ಆ ಕಾಯಿಲೆ ಬರುವುದಿಲ್ಲ. ಆದರೆ ದೊಡ್ಡ ಉಣುಗು ದನದ ರಕ್ತ ಹೀರಿ, ಉದುರಿ ಮೊಟ್ಟೆ ಇಡುತ್ತದೆ. ಮಂಗ ಸತ್ತ ಸುದ್ದಿ ಬಂದ ಕಡೆಯಿಂದ ದರಕು ತರಲೇಬೇಡಿ. ಉಳಿದ ಕಡೆಗೂ ಮೈತುಂಬ ಬಟ್ಟೆ ತೊಟ್ಟು, ಕೈಕಾಲಿಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ. ನಮ್ಮ ಮನೆಯಲ್ಲಿ ಕೊಟ್ಟಿಗೆಗೆ ದರಕು ಹಾಸುವುದನ್ನು ನಿಲ್ಲಿಸಿದ್ದಕ್ಕೆ ಸಿಮೆಂಟು ನೆಲಕ್ಕಿಂತ ಮೊದಲ ಕಾರಣ ಇದೇ.

ಮಡಲು ಮನೆ, ಕುಮಟಾ ತಾಲೂಕು:

ನಾನು ಘಟ್ಟದ ಕೆಳಗಿನವನು, ಸೊಪ್ಪಿನ ಬೆಟ್ಟದ ಲೆಕ್ಕ ನಿಮಗೇ ಬಿಟ್ಟದ್ದು. ಮಾಡಿನ ಬಗ್ಗೆ ಮಾತ್ರ ಹೇಳುತ್ತೇನೆ. ತಗಡು ಹಾಕಿಸಬಹುದು, ಮಂಗಗಳ ಕಾಟಕ್ಕೆ ಬೇರೆ ಉಪಾಯ ನನಗೂ ಕಾಣುವುದಿಲ್ಲ. ಆದರೆ ಎತ್ತರ ಕೊಡಿ. ಹಂಚಿನ ಮಾಡಿನ ಎತ್ತರಕ್ಕೇ ಶೀಟು ಹೊದೆಸಿದ ನಮ್ಮ ಕೊಟ್ಟಿಗೆಯಲ್ಲಿ ಏಪ್ರಿಲ್ ಮಧ್ಯಾಹ್ನ ಆಕಳುಗಳು ನಾಲಿಗೆ ಹೊರಹಾಕಿ ಏದುಸಿರು ಬಿಡುತ್ತಿದ್ದವು. ಈಗ ಶಿವರಾತ್ರಿ ಕಳೆದ ಕೂಡಲೇ ಶೀಟಿನ ಮೇಲೆ ತೆಂಗಿನ ಮಡಲು ಹೊದೆಸಿ, ಮೇ ಕೊನೆಗೆ ಇಳಿಸುತ್ತೇವೆ. ನಿಮ್ಮಲ್ಲಿ ಅಡಿಕೆ ಸೋಗೆ ಆಗುತ್ತದೆ. ಮಳೆಯ ಹೊಡೆತ ಬರುವ ಪಡುವಣ ಬದಿಗೆ ಮಾಡನ್ನು ಮೂರು ಅಡಿ ಹೊರಚಾಚಿ, ಗೋಡೆಯನ್ನು ಮಾತ್ರ ಮೇಲಿನವರೆಗೆ ಕಟ್ಟಬೇಡಿ. ಸೋಗೆಯ ತಟ್ಟಿ ಕಟ್ಟಿದರೆ ಎರಚಲು ತಡೆಯುತ್ತದೆ, ಗಾಳಿಯೂ ಆಡುತ್ತದೆ. ಗಾಳಿ ಆಡದ ಕೊಟ್ಟಿಗೆಯಲ್ಲಿ ಎಂಥ ನೆಲವಿದ್ದರೂ ಒಣಗುವುದಿಲ್ಲ.

ನೆಲಕ್ಕೆ ಚಿರೆಕಲ್ಲು (ಕೆಂಪು ಮುರಕಲ್ಲು) ಹಾಸಿದರೆ ಹೇಗೆ ಎಂದು ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ. ನಮ್ಮಲ್ಲಿ ಹನ್ನೆರಡು ವರ್ಷದಿಂದ ಅದೇ ಇದೆ. ಜಾರುವುದಿಲ್ಲ ಎಂಬುದು ನಿಜ. ಆದರೆ ದನ ಗೊರಸು ಊರುವ ಜಾಗದಲ್ಲಿ ಕಲ್ಲು ಬಟ್ಟಲಿನಂತೆ ಸವೆದು ಗಂಜಲ ಮಡುಗಟ್ಟುತ್ತದೆ. ಮತ್ತೊಮ್ಮೆ ಮಾಡುವುದಾದರೆ ಗೀರು ಹಾಕಿದ ಕಾಂಕ್ರೀಟನ್ನೇ ಮಾಡಿಸುತ್ತೇನೆ.

ತೋಟದಂಚು, ಶಿರಸಿ ತಾಲೂಕು:

ಮೂವರಿಗೂ ಕೃತಜ್ಞತೆಗಳು. ಉತ್ತರಗಳನ್ನು ಆಯಿಗೆ ಓದಿ ಹೇಳಿದೆ. ಗಂಜಲದ ತೊಟ್ಟಿ ಮತ್ತು ಪೈಪಿನ ಮಾತು ಬಂದಾಗ ಅವರು ಎದ್ದು ಹೋಗಿ, ಕೊಟ್ಟಿಗೆಯ ಹಿಂದೆ ಯಾವ ಕಡೆಗೆ ಇಳಿಜಾರಿದೆ ಎಂದು ತಾವೇ ತೋರಿಸಿದರು. ಹದಿನೆಂಟು ದನದ ಕೊಟ್ಟಿಗೆಯನ್ನು ಪೂರ್ತಿ ಸಿಮೆಂಟು ಮಾಡಿಸುವ ಬದಲು ಹಾಲು ಕರೆಯುವ ಬದಿಯ ಆರು ದನದ ಜಾಗಕ್ಕೆ ಮಾತ್ರ ಗೀರಿನ ನೆಲ, ಕಾಲುವೆ, ತೊಟ್ಟಿ ಮಾಡಿಸುವುದು, ಆಚೆಯ ಬದಿಯನ್ನು ಮಣ್ಣಿನದಾಗಿಯೇ ಉಳಿಸಿ ಒಣಹುಲ್ಲು, ದಬ್ಬೆ ಇಡಲು ಬಳಸುವುದು ಎಂದು ಸದ್ಯಕ್ಕೆ ನಿಶ್ಚಯಿಸಿದ್ದೇವೆ. ಗ್ಯಾಸಿನ ಘಟಕವನ್ನು ಈ ವರ್ಷ ಕೈಬಿಟ್ಟಿದ್ದೇನೆ. ಒಂದು ತಿಂಗಳು ಸಗಣಿ ತೂಗಿ ನೋಡಿದ ಮೇಲೆ ಅದರ ಯೋಚನೆ. ಕೊನೆಯದಾಗಿ ಒಂದು ಸಂಶಯ: ಹುಟ್ಟಿದಾಗಿನಿಂದ ಸೊಪ್ಪಿನ ಮೇಲೆಯೇ ಮಲಗಿದ ಹಳೆಯ ಆಕಳು ಸಿಮೆಂಟಿನ ಮೇಲೆ ಕಾಲಿಡುತ್ತದೆಯೇ?

ಕಲ್ಲುಕಣಿ, ಯಲ್ಲಾಪುರ ತಾಲೂಕು:

ಮೊದಲ ದಿನ ಇಡುವುದಿಲ್ಲ. ನಮ್ಮದು ಹೊಸ್ತಿಲಲ್ಲಿ ನಿಂತು ಮೂಸಿ ಮೂಸಿ ಹಿಂದೆ ಸರಿಯಿತು. ಹೊಸ ಸಿಮೆಂಟಿನ ಸುಣ್ಣದ ಖಾರ ಗೊರಸಿಗೂ ಒಳ್ಳೆಯದಲ್ಲವಾದ್ದರಿಂದ ದನ ಕಟ್ಟುವ ಮುನ್ನ ನಾಲ್ಕೈದು ಸಲ ನೀರು ಹೊಡೆದು ತೊಳೆದು, ಅವುಗಳದೇ ಹಸಿ ಸಗಣಿಯನ್ನು ಕದಡಿ ನೆಲಕ್ಕೆಲ್ಲ ಬಳಿಯಿರಿ. ಮೊದಲ ಒಂದು ವಾರ ತೆಳ್ಳಗೆ ಕರಡದ ಒಣಹುಲ್ಲು ಹಾಸಿ, ದಿನಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಬನ್ನಿ. ಎಲ್ಲಕ್ಕಿಂತ ಹಿರಿಯ ಆಕಳನ್ನು ಅದರ ಹಳೆಯ ಗೂಟದ ಜಾಗದಲ್ಲೇ ಮೊದಲು ಕಟ್ಟಿ, ಗೋದಲಿಯಲ್ಲಿ ಹಿಂಡಿ ಕಲಸಿದ ಅಕ್ಕಚ್ಚು ಇಡಿ. ಅದು ಬಾಯಿ ಹಾಕಿತೆಂದರೆ ಉಳಿದವು ತಾವಾಗಿಯೇ ಬರುತ್ತವೆ.