ಸಹಾಯ ಬೇಕು: ರಾಜ್ಯ ಬದಲಾದರೆ ಆರೋಗ್ಯ ವಿಮೆ ಕಥೆ ಏನು?

ಎಲ್ಲರಿಗೂ ನಮಸ್ಕಾರ. ಕೆಲಸ ಬಿಟ್ಟು ಬೇರೆ ರಾಜ್ಯಕ್ಕೆ ಹೋಗುತ್ತಿದ್ದೇನೆ. ಕಂಪನಿ ಮಾಡಿಸಿದ್ದ ವಿಮೆ ಈ ತಿಂಗಳಿಗೆ ಮುಗಿಯುತ್ತದೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ದಿನಾ ಎರಡು ಮಾತ್ರೆ. ಈಗ ಸ್ವಂತ ಪಾಲಿಸಿ ಮಾಡಿಸಿದರೆ ಹಳೇ ಕಾಯಿಲೆಯ ಖರ್ಚಿಗೆ ವಿಮೆ ಸಿಗಲು ಮತ್ತೆ ಮೊದಲಿಂದ ಕಾಯಬೇಕಾ? ಇಷ್ಟು ವರ್ಷ ವಿಮೆ ಇದ್ದದ್ದು ಲೆಕ್ಕಕ್ಕೆ ಬರುವುದಿಲ್ವಾ? ನನಗೆ ಜಾಸ್ತಿ ಚಿಂತೆ ಇದೇ.

ಪ್ರೀಮಿಯಂ ಕಡಿಮೆ ಇರುವ ಒಂದು ಪಾಲಿಸಿ ಸಿಕ್ಕಿತು, ಖುಷಿಯಾಯಿತು. ಕೆಳಗೆ ಸಣ್ಣ ಅಕ್ಷರದಲ್ಲಿ ನೋಡಿದರೆ, ಪ್ರತಿ ಬಿಲ್ಲಿನಲ್ಲಿ ಶೇಕಡಾ 20 ನಾವೇ ಕಟ್ಟಬೇಕು ಅಂತಿದೆ! ಕೋ-ಪೇ ಅಂದರೆ ಇದೇ ಅಂತೆ. ಹೊಸ ಊರಿನ ಆಸ್ಪತ್ರೆಗಳು ನೆಟ್‌ವರ್ಕ್ ಪಟ್ಟಿಯಲ್ಲಿ (ವಿಮಾ ಕಂಪನಿ ಜೊತೆ ಒಪ್ಪಂದ ಇರುವ ಆಸ್ಪತ್ರೆಗಳ ಪಟ್ಟಿ) ಇವೆಯಾ ಅಂತ ಬೇರೆ ನೋಡಬೇಕು. ಸರ್ಕಾರಿ ಯೋಜನೆಗೆ ಹೊಸ ವಿಳಾಸದ ದಾಖಲೆ ಮೊದಲೇ ಬೇಕಾ?

ಏಜೆಂಟರನ್ನು ಕೇಳಿದರೆ ಸುಮ್ನೆ "ಎಲ್ಲಾ ಕವರ್ ಆಗುತ್ತೆ" ಅಂತಾರೆ. ಹೀಗೆ ರಾಜ್ಯ ಬದಲಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.