ತೋಳ ಕುರಿ ಹೊಡೆದ್ರ ಪರಿಹಾರ ಸಿಗ್ತದೇನ್ರಿ? ಅನುಭವ ಇದ್ದವ್ರು ಹೇಳ್ರಿ

ಚಿಂಚೋಳಿ ಕಡೆಯಿಂದ:
ರಾತ್ರಿ ಹೊಲದಾಗಿನ ಹಟ್ಟಿಗೆ ತೋಳ ನುಗ್ಗಿ ಎರಡು ಕುರಿ ಕೊಂದದ, ಒಂದು ಮರಿ ಹೊತ್ಕೊಂಡು ಹೋಗ್ಯಾದ. ಊರಾಗ ಕೆಲವ್ರು ನಾಯಿ ಕೆಲಸ ಅಂತಾರ. ಫಾರೆಸ್ಟ್‌ನವ್ರು ರೊಕ್ಕ ಕೊಡ್ತಾರೇನ್ರಿ? ಈಗ ಏನು ಮಾಡ್ಲಿ?

ಸುರಪುರದಿಂದ:
ಅಣ್ಣಾ, ಕೊಡ್ತಾರ. ಆದ್ರ ಸತ್ತ ಕುರಿ ಇದ್ದಲ್ಲೇ ಇರ್ಲಿ. ಹುಗೀಬ್ಯಾಡ್ರಿ, ಎಳೆದು ಬದುವಿಗೂ ಹಾಕಬ್ಯಾಡ್ರಿ. ನಾನು ಹಂಗ ಮಾಡೇ ಕೆಟ್ಟೆ. ಎರಡು ವರ್ಷದ ಹಿಂದ ನಾಲ್ಕು ಕುರಿ ಹೋದ್ವು. ಬ್ಯಾಸಗಿ, ಮಧ್ಯಾಹ್ನಕ್ಕ ಹೊಟ್ಟಿ ಉಬ್ಬಿ ನಾತ ಹೊಡೀಲಿಕ್ಕತ್ತಿತು, ಕುಣಿ ತೋಡಿ ಮುಚ್ಚಿಬಿಟ್ವಿ. ಮರುದಿನ ಗಾರ್ಡ್ ಬಂದು "ಏನು ನೋಡಿ ಬರೀಲಿ?" ಅಂದ. ಅವಂದೇನು ತಪ್ಪಿಲ್ಲ ಬಿಡ್ರಿ.

ಈ ಜನವರಿಯಾಗ ಮತ್ತೊಂದು ಹೋತು. ತೊಗರಿ ಕೊಯ್ದ ಹೊಲದಾಗ ಕುರಿ ತರುಬಿದ್ವಿ, ಬಾಜೂಕಿನ ಹೊಲದಾಗ ಇನ್ನೂ ತೊಗರಿ ನಿಂತಿತ್ತು, ಅದರಾಗಿಂದ ಬಂದಿತ್ತು. ಮೊದಲ ಫೋನ್ ಗಾರ್ಡ್‌ಗೆ, ಆಮ್ಯಾಲ ದನದ ಡಾಕ್ಟರ್‌ಗೆ. ಕುರಿ ಮ್ಯಾಲ ಹಸಿ ಗೋಣಿಚೀಲ ಹೊಚ್ಚಿ ಮಗನ್ನ ಕಾವಲಿಗೆ ಕೂಡ್ರಿಸಿದೆ. ಗಂಟಲಿನ ಹಲ್ಲಿನ ಗುರುತು, ಕಿವಿಯೋಲೆ ನಂಬರ, ಅಳತಿ ತಿಳೀಲಂತ ಬೆಂಕಿಪೊಟ್ಟಣ ಬಾಜೂಕ ಇಟ್ಟು ಹೆಜ್ಜಿ, ಎಲ್ಲಾ ಫೋಟೋ ಹೊಡೆದಿದ್ದೆ. ಹೊಲ ನಮ್ದಲ್ಲ, ಪಂಚನಾಮಿಯಾಗ ಸಾವ್ಕಾರರ ಸರ್ವೇ ನಂಬರ ಬರಿಸಿದ್ವಿ. ಆಧಾರ್, ಪಾಸ್‌ಬುಕ್ ಕೊಟ್ಟು ಐದು ತಿಂಗಳಿಗೆ ಖಾತೆಗೆ ಬಂತು. ಸಂತಿ ರೇಟ್ ಸಿಗ್ತದಂತ ಮಾತ್ರ ತಿಳ್ಕೋಬ್ಯಾಡ್ರಿ.

ಯಾದಗಿರಿಯಿಂದ:
ಪಶು ದವಾಖಾನ್ಯಾಗ ಕೆಲಸ ಮಾಡಿದವ ನಾನು. ಬೀದಿನಾಯಿ ಹಿಂಡು ಹಿಂದಿನ ತೊಡಿ, ಬಾಲದ ಕಡೆ ಹರಿತಾವ, ಹತ್ತಾರು ಕುರಿ ಗಾಯ ಮಾಡಿ ತಿನ್ನದೇ ಬಿಡ್ತಾವ. ತೋಳ ಹೆಚ್ಚಾಗಿ ಗಂಟಲಿಗೇ ಬಾಯಿ ಹಾಕ್ತದ. ಹೊತ್ತೊಯ್ದ ಮರಿಗೆ ಪರಿಹಾರ ಕಷ್ಟ, ತೋರಿಸ್ಲಿಕ್ಕೆ ಏನದ? ತುಪ್ಪಟ, ಎಲುಬು ಸಿಕ್ಕಾವೇನು ನೋಡ್ರಿ.

ನಾಯಿ ಅಂತಾದ್ರ ಫಾರೆಸ್ಟ್ ರೊಕ್ಕ ಇಲ್ಲ. ಆವಾಗ ಪಶು ದವಾಖಾನ್ಯಾಗ ಅನುಗ್ರಹ ಯೋಜನೆ ಕೇಳ್ರಿ, ಸತ್ತ ದನ-ಕುರಿಗೆ ಸರ್ಕಾರ ಪರಿಹಾರ ಕೊಡೋ ಯೋಜನೆ ಅದು. 2023ರಾಗ ಮತ್ತೆ ಚಾಲೂ ಆದಾಗ ಕುರಿಗೆ 5,000 ಇತ್ತು, 2025ರ ಬಜೆಟ್‌ನಾಗ 7,500 ಅಂದಾರ. ಅದಕ್ಕೂ ಪೋಸ್ಟ್‌ಮಾರ್ಟಂ ಬೇಕೇ ಬೇಕು.

ಬೀದರ್‌ನಿಂದ:
ತೋಳ ಸಾಯ್ಲಿ ಅಂತ ಸಿಟ್ಟಿಗೆ ಸತ್ತ ಕುರಿಗೆ ವಿಷದ ಎಣ್ಣಿ ಹೊಡೀಬ್ಯಾಡ್ರಿ ಕಾಕಾ. ತೋಳ 1972ರ ವನ್ಯಜೀವಿ ಕಾಯ್ದೆ ಒಂದನೇ ಶೆಡ್ಯೂಲ್‌ನಾಗ ಅದ, ಕೇಸ್ ಬೀಳ್ತದ. ನಮ್ಮ ಕಡೆ ಒಬ್ರು ಹಂಗ ಮಾಡಿ ತಮ್ಮ ಹಟ್ಟಿ ನಾಯಿನೇ ಕಳ್ಕೊಂಡ್ರು.

ಚಿಂಚೋಳಿ ಕಡೆಯಿಂದ:
ಗೋಣಿಚೀಲ ಹೊಚ್ಚೀನಿ, ಗಾರ್ಡ್ ಹೊಂಟಾರಂತ. ಇನ್ನೊಂದು ಹೇಳ್ರಿ, ಮರಿ ಹೋದ ಕುರಿ ಮುಂಜಾನಿಂದ ಒದರ್ಲಿಕ್ಕತ್ತದ, ಕೆಚ್ಚಲು ಬಿಗಿದು ಕಲ್ಲಾಗ್ಯಾದ. ಹಾಲು ಹಿಂಡಬೇಕೋ, ಬ್ಯಾರೆ ಮರಿ ಬಿಡಬೇಕೋ?