ಸಹಾಯ ಬೇಕು: ಮೂಡಿಗೆರೆ ಮನೆಯ ಕಂಪ್ಯೂಟರ್ ಹಾಸನದಿಂದ ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ತೋಟದ ಲೆಕ್ಕವೆಲ್ಲ ಮೂಡಿಗೆರೆ ಹತ್ತಿರದ ನಮ್ಮ ಮನೆಯ ಕಂಪ್ಯೂಟರ್‌ನಲ್ಲಿದೆ. ನಾನಿರುವುದು ಹಾಸನದಲ್ಲಿ, ವಾರದ ಬಟವಾಡೆ ಪಟ್ಟಿಯನ್ನು ಇಲ್ಲಿಂದಲೇ ತಯಾರಿಸಬೇಕು.

ಅದರಲ್ಲಿರುವುದು ವಿಂಡೋಸ್ ಪ್ರೊ; ರಿಮೋಟ್ ಡೆಸ್ಕ್‌ಟಾಪ್ (ಬೇರೆಡೆಯಿಂದ ಕಂಪ್ಯೂಟರ್ ತೆರೆದು ಬಳಸುವ ಸೌಲಭ್ಯ) ಸ್ವೀಕರಿಸದ ಹೋಮ್ ಅಲ್ಲ. ಮನೆಯ ವೈಫೈಯಲ್ಲಿದ್ದಾಗ ಲ್ಯಾಪ್‌ಟಾಪ್‌ನಿಂದ ರಿಮೋಟ್ ಡೆಸ್ಕ್‌ಟಾಪ್ ಸಲೀಸಾಗಿ ತೆರೆದುಕೊಳ್ಳುತ್ತದೆ. ಹಾಸನದಿಂದ ಜಪ್ಪಯ್ಯ ಎಂದರೂ ಇಲ್ಲ. ರೂಟರ್‌ನಲ್ಲಿ ಅದು ಬಳಸುವ 3389 ಪೋರ್ಟ್ (ಸಂಪರ್ಕದ ಬಾಗಿಲು) ತೆರೆದು ನೋಡಿದೆ, ಪ್ರಯೋಜನವಾಗಲಿಲ್ಲ. ಅದನ್ನು ಹಾಗೆ ತೆರೆದಿಡುವುದು ಕಳ್ಳರಿಗೆ ಕರೆಯೋಲೆ ಎಂದು ಮುಚ್ಚಿದೆ. ರೂಟರ್ ಪುಟದಲ್ಲಿ ಹೊರಗಿನ ಐಪಿ ವಿಳಾಸ 100.72 ಎಂದು ಶುರುವಾಗುತ್ತದೆ, ಅಂತರ್ಜಾಲದಲ್ಲಿ ಪರೀಕ್ಷಿಸಿದರೆ ಬೇರೆಯದೇ ಸಂಖ್ಯೆ. ಅಂದರೆ ಸಿಜಿನ್ಯಾಟ್, ಹಲವು ಮನೆಗಳಿಗೆ ಒಂದೇ ಸಾರ್ವಜನಿಕ ವಿಳಾಸ; ಹಾಗಾಗಿ ಹೊರಗಿನಿಂದ ನೇರ ಸಂಪರ್ಕ ನಮ್ಮ ರೂಟರ್‌ವರೆಗೆ ತಲುಪುವುದಿಲ್ಲ. ಪರದೆ ಹಂಚುವ ಆಪ್ ಹಾಕಲು ಅಪ್ಪ ಸುತರಾಂ ಒಪ್ಪುವುದಿಲ್ಲ. ಬ್ಯಾಂಕಿನ ಹೆಸರಿನಲ್ಲಿ ಕರೆ ಮಾಡುವ ವಂಚಕರು ಹಾಕಿಸುವುದು ಅದನ್ನೇ ಎನ್ನುತ್ತಾರೆ; ಆ ಮಾತು ಸುಳ್ಳೂ ಅಲ್ಲ.

ಈಗ ಟೇಲ್‌ಸ್ಕೇಲ್ (ದೂರದೂರದ ಕಂಪ್ಯೂಟರ್‌ಗಳನ್ನು ಒಂದೇ ಖಾಸಗಿ ಜಾಲದಲ್ಲಿ ಜೋಡಿಸುವ ತಂತ್ರಾಂಶ) ಹಾಕುವ ಯೋಚನೆ. ಆದರೆ ಅದು ಕೊಡುವ ವಿಳಾಸವೂ 100ರಿಂದಲೇ ಶುರುವಾಗುತ್ತದೆ. ನಾನು ಸಿಕ್ಕಿಬಿದ್ದಿರುವುದು ಇಲ್ಲೇ.

ಸಿಜಿನ್ಯಾಟ್ ವಿಳಾಸಕ್ಕೂ ಇದಕ್ಕೂ ತಿಕ್ಕಾಟವಾಗದೆ, ರೂಟರ್ ಮುಟ್ಟದೆ, ಟೇಲ್‌ಸ್ಕೇಲ್ ಮೂಲಕ ರಿಮೋಟ್ ಡೆಸ್ಕ್‌ಟಾಪ್ ಬಳಸುತ್ತಿರುವವರು ಯಾರಾದರೂ ಇದ್ದೀರಾ? ಇಲ್ಲವೆಂದರೆ ಹಣ ಕೊಟ್ಟು ಸ್ಥಿರ ಐಪಿಯನ್ನೇ (ನಮ್ಮ ಮನೆಗಷ್ಟೇ ಸೇರಿದ, ಬದಲಾಗದ ಸಾರ್ವಜನಿಕ ವಿಳಾಸ) ಪಡೆಯಬೇಕೇ?